ಕಾರಿನ ಬಿಡಿಭಾಗಗಳ ಆನ್‌ಲೈನ್ ಆರ್ಡರ್ ರದ್ದತಿ ಮತ್ತು ರೀಸ್ಟಾಕಿಂಗ್ ಶುಲ್ಕ: ಹುಬ್ಬಳ್ಳಿ–ಧಾರವಾಡ ಭಾಗದ ಗ್ರಾಹಕರಿಗೆ ಸಮಗ್ರ ಮಾರ್ಗದರ್ಶಿ

ಹಳೆಯ ಇಂಡಿಕಾ, ಓಮ್ನಿ ಅಥವಾ ಪಾಲಿಯೊ ಇಟ್ಟುಕೊಂಡವರಿಗೆ ಬೇಕಾದ ಸಾಮಾನು ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗದಿದ್ದಾಗ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿಕೊಳ್ಳುವುದು ಮೊದಲಿನ ರೂಢಿಯಾಗಿತ್ತು. ಈಗ ಗ್ಯಾರೇಜಿನ ಮಿಸ್ತ್ರಿಯೇ ‘ಆನ್‌ಲೈನ್‌ನ್ಯಾಗ ತರಿಸಿಬಿಡ್ರಿ’ ಎಂದು ಹೇಳುತ್ತಾರೆ. ಹೊಸ ಕಾರು ಉಳ್ಳವರೂ ಗೋಕುಲ ರಸ್ತೆಯ ಶೋರೂಮುಗಳ ದರದೊಂದಿಗೆ ಹೋಲಿಸಿ ನೋಡಿ ಮೊಬೈಲಿನಲ್ಲೇ ಆರ್ಡರ್ ಮಾಡುತ್ತಾರೆ. ತೊಡಕು ಎದುರಾಗುವುದು ಆ ಆರ್ಡರನ್ನು ರದ್ದುಪಡಿಸಬೇಕಾದಾಗ. ಎಂಟು ಸಾವಿರ ರೂಪಾಯಿ ಕಟ್ಟಿದವರಿಗೆ ಆರು ಸಾವಿರ ಮಾತ್ರ ಮರಳುತ್ತದೆ. ಉಳಿದ ಹಣ ರೀಸ್ಟಾಕಿಂಗ್ ಶುಲ್ಕ (ಮರಳಿ ಬಂದ ಸಾಮಾನನ್ನು ಮತ್ತೆ ದಾಸ್ತಾನಿಗೆ ಸೇರಿಸುವ ಶುಲ್ಕ), ಹ್ಯಾಂಡ್ಲಿಂಗ್ ಚಾರ್ಜ್, ರಿವರ್ಸ್ ಪಿಕಪ್ (ಮನೆಯಿಂದ ಸಾಮಾನನ್ನು ಮರಳಿ ಒಯ್ಯುವುದು) ಎಂಬ ಹೆಸರುಗಳಲ್ಲಿ ಕಡಿತವಾಗಿರುತ್ತದೆ.

ಈ ಕಡಿತ ಎಷ್ಟು, ಅದು ಸರಿಯೇ ಎಂಬುದು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಆರ್ಡರ್ ಯಾವ ಹಂತದಲ್ಲಿದ್ದಾಗ ರದ್ದಾಯಿತು ಮತ್ತು ಯಾವ ಕಾರಣಕ್ಕೆ ರದ್ದಾಯಿತು. ಕಾನೂನಿನ ರಕ್ಷಣೆ ಇರುವಾಗಲೂ ಎಷ್ಟೋ ಗ್ರಾಹಕರು ಹಣ ಕಳೆದುಕೊಳ್ಳುವುದು, ಕಾರಣ ಕೇಳುವ ಪಟ್ಟಿಯಲ್ಲಿ ‘ಮನಸ್ಸು ಬದಲಾಯಿತು’ ಎಂಬ ಸಾಲನ್ನು ಅವಸರದಲ್ಲಿ ಒತ್ತಿ, ಮಾರಾಟಗಾರನ ತಪ್ಪನ್ನು ತಮ್ಮ ತಪ್ಪೆಂದು ತಾವೇ ಬರೆದುಕೊಟ್ಟಿರುವುದರಿಂದ. ಆದ್ದರಿಂದ ರದ್ದತಿಯ ಗುಂಡಿಯನ್ನು ಒತ್ತುವ ಮೊದಲೇ ಹಂತವನ್ನೂ ಕಾರಣವನ್ನೂ ಖಚಿತಪಡಿಸಿಕೊಂಡು ಬರಹದಲ್ಲಿ ದಾಖಲಿಸಬೇಕು. ಕೆಳಗಿನ ಕ್ರಮವೆಲ್ಲ ಅದಕ್ಕಾಗಿಯೇ ಇದೆ.

ಶುಲ್ಕ ಎಲ್ಲಿಂದ ಬರುತ್ತದೆ

ಮಾರಾಟಗಾರನ ಕಡೆಯ ಲೆಕ್ಕವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಯಾವ ಕಡಿತ ಒಪ್ಪತಕ್ಕದ್ದು, ಯಾವುದು ಅಲ್ಲ ಎಂಬುದು ಅಲ್ಲಿಯೇ ತಿಳಿಯುತ್ತದೆ. ಜಾಲತಾಣದಲ್ಲಿ ಪಟ್ಟಿಯಾಗಿರುವ ಬಿಡಿಭಾಗಗಳೆಲ್ಲವೂ ಮಾರಾಟಗಾರನ ಗೋದಾಮಿನಲ್ಲಿ ಇರುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಆರ್ಡರ್ ಬಂದ ನಂತರವೇ ಆತ ದೆಹಲಿಯ ಕಾಶ್ಮೀರಿ ಗೇಟ್‌ನಂತಹ ಸಗಟು ಮಾರುಕಟ್ಟೆಯಿಂದಲೋ ಕಂಪನಿಯ ವಿತರಕರಿಂದಲೋ ಆ ವಸ್ತುವನ್ನು ಕೊಂಡು ತರುತ್ತಾನೆ. ಆಯಿಲ್ ಫಿಲ್ಟರ್, ವೈಪರ್ ಬ್ಲೇಡ್, ಬ್ರೇಕ್ ಪ್ಯಾಡ್‌ಗಳಂತಹ ಸದಾ ಬೇಡಿಕೆಯಿರುವ ಸಾಮಾನು ಮರಳಿ ಬಂದರೆ ಬೇಗನೆ ಇನ್ನೊಬ್ಬರಿಗೆ ಮಾರಾಟವಾಗುತ್ತದೆ. ಆದರೆ ತಯಾರಿಕೆ ನಿಂತುಹೋದ ಮಾದರಿಯ ಬಾನೆಟ್ಟನ್ನೋ ಸ್ಟೀರಿಂಗ್ ರ‍್ಯಾಕನ್ನೋ ನಿಮಗಾಗಿಯೇ ತರಿಸಿದ್ದರೆ, ವಿತರಕರು ಅದನ್ನು ಮರಳಿ ಪಡೆಯುವುದಿಲ್ಲ, ಕೊಳ್ಳುವವರೂ ಸುಲಭವಾಗಿ ಸಿಗುವುದಿಲ್ಲ. ಮರಳಿ ಬಂದ ಪೆಟ್ಟಿಗೆಯನ್ನು ತೆರೆದು ಪರೀಕ್ಷಿಸಿ, ಮತ್ತೆ ಪ್ಯಾಕ್ ಮಾಡಿ, ದಾಸ್ತಾನಿಗೆ ಸೇರಿಸುವ ಕೆಲಸಕ್ಕೂ ಖರ್ಚಿದೆ.

ಹೀಗೆ ನಿಜವಾದ ನಷ್ಟ ಉಂಟಾಗಿ, ಅದಕ್ಕೆ ಕಾರಣ ನಮ್ಮ ಆಯ್ಕೆಯ ತಪ್ಪೇ ಆಗಿದ್ದರೆ, ಮೊದಲೇ ಸ್ಪಷ್ಟವಾಗಿ ತಿಳಿಸಿದ ಮಿತವಾದ ಶುಲ್ಕವನ್ನು ಕೊಡುವುದು ನ್ಯಾಯವೆಂದೇ ನಾನು ಭಾವಿಸುತ್ತೇನೆ. ಆದರೆ ಗೋದಾಮಿನಿಂದ ಹೊರಡದ ಆಯಿಲ್ ಫಿಲ್ಟರಿಗೂ, ತಪ್ಪಾಗಿ ಕಳುಹಿಸಿದ ಹೆಡ್‌ಲೈಟಿಗೂ ಒಂದೇ ದರದಲ್ಲಿ ಶೇಕಡಾ 15 ಅಥವಾ 20ರಷ್ಟು ಕಡಿತ ಮಾಡುವುದಕ್ಕೆ ಈ ಸಮರ್ಥನೆ ಅನ್ವಯಿಸುವುದಿಲ್ಲ.

ಮೊದಲ ಹೆಜ್ಜೆ: ಆರ್ಡರ್ ಮಾಡುವಾಗಲೇ ದಾಖಲೆ ಇಟ್ಟುಕೊಳ್ಳುವುದು

ರದ್ದತಿಗೆ ಬಹುಮಟ್ಟಿಗೆ ಕಾರಣವಾಗುವುದು ಸಾಮಾನು ಗಾಡಿಗೆ ಹೊಂದದಿರುವುದು. ಕಾರಿನ ಹೆಸರು ಮತ್ತು ವರ್ಷವನ್ನು ಮಾತ್ರ ಆಯ್ದುಕೊಂಡು ಆರ್ಡರ್ ಮಾಡುವುದು ಸಾಲದು; ಒಂದೇ ವರ್ಷದ ನಡುವೆ ಕಂಪನಿಗಳು ಬ್ರೇಕ್, ಲೈಟ್, ಸೆನ್ಸರ್‌ಗಳನ್ನು ಬದಲಾಯಿಸುವುದುಂಟು. ಆರ್‌ಸಿಯಲ್ಲಿರುವ ಚೇಸಿಸ್ ನಂಬರನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ತಾಳೆ ನೋಡಿ ಬರೆದುಕೊಳ್ಳಬೇಕು. ಇಂದಿನ ಕಾರುಗಳಲ್ಲಿ ಅದು 17 ಅಕ್ಷರ ಮತ್ತು ಅಂಕಿಗಳ ಸಂಖ್ಯೆ. ಒಂದು ಮತ್ತು ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಈ ನಂಬರನ್ನು ಮಾರಾಟಗಾರನಿಗೆ ಚಾಟ್ ಅಥವಾ ಇಮೇಲ್ ಮೂಲಕ ಕಳುಹಿಸಿ, ‘ಈ ಗಾಡಿಗೆ ಈ ಸಾಮಾನು ಹೊಂದುತ್ತದೆಯೇ’ ಎಂದು ಕೇಳಿ ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ‘ಹೊಂದುತ್ತದೆ’ ಎಂಬ ಒಂದು ಪದದ ಉತ್ತರ ನಿಮ್ಮ ಬಳಿ ಇದ್ದರೆ, ನಂತರ ಹೊಂದದಿದ್ದಾಗ ಅದು ನಿಮ್ಮ ಆಯ್ಕೆಯ ತಪ್ಪಾಗಿ ಉಳಿಯುವುದಿಲ್ಲ. ಒಪ್ಪಿಕೊಂಡ ಲಕ್ಷಣಗಳಿಲ್ಲದ ವಸ್ತುವನ್ನು ಕಳುಹಿಸಿದ ಪ್ರಕರಣವಾಗುತ್ತದೆ.

ಹಳೆಯ ಸಾಮಾನಿನ ಮೇಲೆ ಅಚ್ಚಾಗಿರುವ ಭಾಗಸಂಖ್ಯೆಯ ಫೋಟೊ ತೆಗೆಯುವಂತೆ ಮಿಸ್ತ್ರಿಗೆ ಹೇಳಿ. ಇಲ್ಲಿ ಒಂದು ಸೂಕ್ಷ್ಮವಿದೆ: ಕಂಪನಿಗಳು ಕೆಲವು ಭಾಗಗಳನ್ನು ಸುಧಾರಿಸಿ ಹಳೆಯ ಸಂಖ್ಯೆಯ ಬದಲಿಗೆ ಹೊಸ ಸಂಖ್ಯೆ ಕೊಡುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಸಂಖ್ಯೆ ಬೇರೆಯಾಗಿದ್ದ ಮಾತ್ರಕ್ಕೆ ತಪ್ಪು ಸಾಮಾನು ಬಂದಿದೆ ಎಂದು ದೂರಬಾರದು; ಹೊಸ ಸಂಖ್ಯೆ ಹಳೆಯದರ ಸ್ಥಾನದಲ್ಲಿ ಬಂದದ್ದೇ ಎಂದು ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನ ಬಿಡಿಭಾಗಗಳ ಕೌಂಟರಿನಲ್ಲಿ ಕೇಳಿ ತಿಳಿದುಕೊಳ್ಳಬಹುದು.

ಹಣ ಪಾವತಿಸುವ ಮೊದಲು ಆ ವಸ್ತುವಿನ ಪುಟ, ಬೆಲೆಯ ವಿವರ, ವಿತರಣೆಯ ದಿನಾಂಕ ಮತ್ತು ರಿಟರ್ನ್ ನಿಯಮಗಳ ಪುಟ, ಈ ನಾಲ್ಕರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿಯಮಗಳ ಪುಟ ನಂತರ ಬದಲಾಗಬಹುದು. ನಿಮಗೆ ಅನ್ವಯಿಸುವುದು ನೀವು ಕೊಂಡ ದಿನದ ನಿಯಮ. ಎಲೆಕ್ಟ್ರಿಕಲ್ ಸಾಮಾನು, ಇಸಿಎಂ (ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್ ಘಟಕ), ಆಯಿಲ್ ಮತ್ತು ಬ್ರೇಕ್ ಫ್ಲುಯಿಡ್‌ಗಳನ್ನು ಮರಳಿ ಪಡೆಯುವುದಿಲ್ಲವೆಂಬ ಷರತ್ತು ಇದೆಯೇ ಎಂದು ವಿಶೇಷವಾಗಿ ನೋಡಿ.

ಆರ್ಡರ್ ಯಾರ ಹೆಸರಿನಲ್ಲಿ ಇರಬೇಕೆಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರುಮಾರಾಟಕ್ಕೋ ವಾಣಿಜ್ಯ ಉದ್ದೇಶಕ್ಕೋ ಕೊಂಡವರು ಗ್ರಾಹಕರೆನಿಸುವುದಿಲ್ಲ. ಗ್ಯಾರೇಜಿನವರು ತಮ್ಮ ಖಾತೆಯಿಂದ, ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿ ನಿಮ್ಮ ಕಾರಿನ ಸಾಮಾನನ್ನು ತರಿಸಿದರೆ, ಅದು ವ್ಯಾಪಾರದ ಖರೀದಿ ಎಂದು ಮಾರಾಟಗಾರ ವಾದಿಸಬಹುದು. ಮಿಸ್ತ್ರಿಯ ಸಲಹೆ ಪಡೆಯಿರಿ, ಆದರೆ ಆರ್ಡರನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಖಾತೆಯಿಂದಲೇ ಮಾಡಿ. ಸ್ವಂತ ಟ್ಯಾಕ್ಸಿಯನ್ನು ತಾವೇ ಓಡಿಸಿ ಜೀವನ ಸಾಗಿಸುವವರಿಗೆ ಈ ಭಯ ಬೇಡ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಕೊಂಡ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶದ ವ್ಯಾಖ್ಯೆಯಿಂದ ಹೊರಗಿಟ್ಟಿದೆ.

ಎರಡನೆಯ ಹೆಜ್ಜೆ: ಆರ್ಡರ್ ಯಾವ ಹಂತದಲ್ಲಿದೆ ಎಂದು ಗುರುತಿಸುವುದು

ಆರ್ಡರ್ ಕೊಟ್ಟಿದ್ದೀರಿ, ಮಾರಾಟಗಾರ ಇನ್ನೂ ಒಪ್ಪಿಕೊಂಡಿಲ್ಲ ಎಂಬುದು ಮೊದಲ ಹಂತ. ‘ನಿಮ್ಮ ಆರ್ಡರ್ ಒಂದು ಪ್ರಸ್ತಾಪ ಮಾತ್ರ, ವಸ್ತುವನ್ನು ರವಾನಿಸಿದಾಗಲೇ ಒಪ್ಪಂದ ಉಂಟಾಗುತ್ತದೆ’ ಎಂದು ಎಷ್ಟೋ ಜಾಲತಾಣಗಳು ತಮ್ಮ ಷರತ್ತುಗಳಲ್ಲಿ ಬರೆದುಕೊಂಡಿರುತ್ತವೆ. ದಾಸ್ತಾನು ಇಲ್ಲದಾಗ ತಾವು ಸುಲಭವಾಗಿ ನುಣುಚಿಕೊಳ್ಳಲೆಂದು ಬರೆದ ಸಾಲು ಇದು. ಆದರೆ ಇದೇ ಸಾಲು ನಿಮಗೂ ನೆರವಾಗುತ್ತದೆ: 1872ರ ಭಾರತೀಯ ಕರಾರು ಕಾಯ್ದೆಯ 5ನೆಯ ಕಲಮಿನ ಪ್ರಕಾರ, ಒಪ್ಪಿಗೆಯ ಸಂವಹನ ಪೂರ್ಣಗೊಳ್ಳುವ ಮೊದಲು ಪ್ರಸ್ತಾಪವನ್ನು ಹಿಂಪಡೆಯಬಹುದು. ಒಪ್ಪಂದವೇ ಆಗಿರದಿದ್ದರೆ ಅದನ್ನು ಮುರಿದದ್ದಕ್ಕೆ ಶುಲ್ಕ ಎಲ್ಲಿಂದ ಬರಬೇಕು? ಆದ್ದರಿಂದ ಷರತ್ತುಗಳ ಪುಟದಲ್ಲಿ ಈ ಸಾಲು ಇದೆಯೇ ಎಂದು ಹುಡುಕಿ ತೆಗೆದಿಟ್ಟುಕೊಳ್ಳಿ.

ಆರ್ಡರ್ ದೃಢಪಟ್ಟು ಇನ್ನೂ ರವಾನೆಯಾಗದಿರುವುದು ಎರಡನೆಯ ಹಂತ. ಇಲ್ಲಿ ಸಮಯವೇ ಹಣ ಉಳಿಸುತ್ತದೆ. ಸಂಜೆಗೆ ಯೋಚಿಸೋಣ ಎಂದುಕೊಂಡಷ್ಟರಲ್ಲಿ ಕೊರಿಯರ್ ಲೇಬಲ್ ಮುದ್ರಣವಾಗಿ ‘ರವಾನೆಯಾಗಿದೆ’ ಎಂಬ ಸ್ಥಿತಿ ಬಂದುಬಿಡುತ್ತದೆ. ರದ್ದತಿಯ ಗುಂಡಿ ಒತ್ತುವ ಮೊದಲು ಆ ಕ್ಷಣದ ಸ್ಥಿತಿ ಮತ್ತು ಸಮಯ ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಲೇಬಲ್ ಮುದ್ರಣವಾದ ಮಾತ್ರಕ್ಕೆ ಪೆಟ್ಟಿಗೆ ಗೋದಾಮು ಬಿಟ್ಟಿದೆ ಎಂದರ್ಥವಲ್ಲ. ಟ್ರ್ಯಾಕಿಂಗ್‌ನಲ್ಲಿ ಕೊರಿಯರಿನವರು ಪೆಟ್ಟಿಗೆಯನ್ನು ಪಡೆದ ನಮೂದು ಇದೆಯೇ ಎಂದು ನೋಡಿ.

ಮೂರನೆಯದು ಪೆಟ್ಟಿಗೆ ದಾರಿಯಲ್ಲಿರುವಾಗ. ಆಗ ಎರಡು ದಾರಿಗಳಿವೆ: ಬಾಗಿಲಿಗೆ ಬಂದಾಗ ನಿರಾಕರಿಸುವುದು ಅಥವಾ ಪಡೆದು ನಂತರ ಮರಳಿಸುವುದು. ನಿರಾಕರಿಸಿದರೆ ಎರಡೂ ಕಡೆಯ ಸಾಗಣೆ ವೆಚ್ಚ ಕಡಿತವಾಗಬಹುದು, ಆದರೆ ಸೀಲು ಒಡೆಯದ ಪೆಟ್ಟಿಗೆ ಮರಳುವುದರಿಂದ ‘ಬಳಸಿದ್ದೀರಿ’ ಎಂಬ ತಕರಾರು ಹುಟ್ಟುವುದಿಲ್ಲ. ನಿಮ್ಮ ಮನಸ್ಸು ಬದಲಾದ ಕಾರಣಕ್ಕೇ ರದ್ದು ಮಾಡುತ್ತಿದ್ದರೆ ನಿರಾಕರಣೆಯೇ ಮೇಲು. ತಪ್ಪು ಸಾಮಾನು ಬಂದಿರಬಹುದೆಂಬ ಅನುಮಾನವಿದ್ದರೆ ಮಾತ್ರ ಪಡೆದು, ತೆರೆದು, ಸಾಕ್ಷ್ಯ ಮಾಡಿಕೊಳ್ಳಬೇಕು.

ಸಾಮಾನು ಕೈಸೇರಿದ ಮೇಲಿನದು ನಾಲ್ಕನೆಯ ಹಂತ. ಅದನ್ನು ಗಾಡಿಗೆ ಕೂರಿಸಿ ನೋಡಿದರೆ ಹಕ್ಕಿನ ಬಹುಭಾಗ ಕೈತಪ್ಪುತ್ತದೆ. ಬೋಲ್ಟಿನ ಗುರುತು, ಗ್ರೀಸಿನ ಕಲೆ, ಕನೆಕ್ಟರಿನ ಮೇಲಿನ ಗೀರು ಇವು ಯಾವುದೇ ಪರೀಕ್ಷಕನಿಗೆ ತಕ್ಷಣ ಕಾಣುತ್ತವೆ. ಹಳೆಯ ಸಾಮಾನಿನ ಪಕ್ಕದಲ್ಲಿಟ್ಟು ರಂಧ್ರಗಳ ಅಂತರ, ಕನೆಕ್ಟರಿನ ಪಿನ್ನುಗಳ ಸಂಖ್ಯೆ, ಉದ್ದಳತೆಗಳನ್ನು ಹೋಲಿಸಿ ನೋಡಿದ ಮೇಲೆಯೇ ಕೂರಿಸಬೇಕೆಂದು ಗ್ಯಾರೇಜಿನಲ್ಲಿ ಸ್ಪಷ್ಟವಾಗಿ ಹೇಳಿರಿ.

ಮೂರನೆಯ ಹೆಜ್ಜೆ: ಕಾರಣವನ್ನು ಸರಿಯಾಗಿ ನಮೂದಿಸುವುದು

ಇಡೀ ಪ್ರಕ್ರಿಯೆಯಲ್ಲಿ ನಿಧಾನವಾಗಿ ನಡೆಯಬೇಕಾದ ಜಾಗ ಇದು. 2020ರ ಜುಲೈ 23ರಂದು ಪ್ರಕಟವಾದ ಗ್ರಾಹಕ ಸಂರಕ್ಷಣಾ (ಇ–ಕಾಮರ್ಸ್) ನಿಯಮಗಳ ಪ್ರಕಾರ, ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಲಕ್ಷಣಗಳಿಲ್ಲದಿದ್ದರೆ, ಇಲ್ಲವೇ ತಿಳಿಸಿದ ದಿನಾಂಕಕ್ಕಿಂತ ತಡವಾಗಿ ಬಂದರೆ, ಮಾರಾಟಗಾರ ಅದನ್ನು ಮರಳಿ ಪಡೆಯಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ತಡವಾದದ್ದಕ್ಕೆ ನೆರೆ, ಗಲಭೆಯಂತಹ ಕೈಮೀರಿದ ಕಾರಣವಿದ್ದರೆ ಮಾತ್ರ ವಿನಾಯಿತಿ. ಈ ನಿಯಮದ ದೃಷ್ಟಿಯಿಂದ ನೋಡಿದರೆ, ಮಾರಾಟಗಾರನ ತಪ್ಪಿನಿಂದ ಮರಳುವ ವಸ್ತುವಿಗೆ ರೀಸ್ಟಾಕಿಂಗ್ ಶುಲ್ಕ ಕಡಿತ ಮಾಡುವುದು, ಅಷ್ಟು ಹಣವನ್ನು ಮರಳಿಸಲು ನಿರಾಕರಿಸಿದಂತೆಯೇ.

ಆದರೆ ಈ ರಕ್ಷಣೆ ನಿಮಗೆ ದೊರೆಯಬೇಕಾದರೆ ನಿಮ್ಮ ಕಾರಣ ಇವುಗಳಲ್ಲಿ ಒಂದೆಂದು ದಾಖಲೆಯಲ್ಲಿರಬೇಕು. ಆ್ಯಪ್‌ನ ಪಟ್ಟಿಯಲ್ಲಿ ‘ಈಗ ಬೇಡ’, ‘ಬೇರೆ ಕಡೆ ಕಡಿಮೆ ಬೆಲೆಗೆ ಸಿಕ್ಕಿತು’, ‘ತಪ್ಪಾಗಿ ಆರ್ಡರ್ ಮಾಡಿದೆ’ ಎಂಬ ಆಯ್ಕೆಗಳು ಮೇಲೆಯೇ ಇದ್ದು, ‘ವಿವರಣೆಗೆ ಹೊಂದುವುದಿಲ್ಲ’ ಎಂಬುದು ಕೆಳಗೆ ಇರಬಹುದು. ಸೋಮವಾರ ಬರಬೇಕಾದ ಕ್ಲಚ್ ಪ್ಲೇಟ್ ಗುರುವಾರವಾದರೂ ಬರದೆ, ಗಾಡಿ ಗ್ಯಾರೇಜಿನಲ್ಲೇ ನಿಂತಿದೆಯೆಂದು ಹಳೆಯ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೆಚ್ಚು ಹಣ ಕೊಟ್ಟು ಕೊಂಡವರು, ರದ್ದು ಮಾಡುವಾಗ ‘ಬೇರೆ ಕಡೆ ಸಿಕ್ಕಿತು’ ಎಂದು ಒತ್ತುತ್ತಾರೆ. ಅದು ಸುಳ್ಳಲ್ಲ, ಆದರೆ ನಿಜವಾದ ಕಾರಣ ವಿಳಂಬ. ಅದನ್ನೇ ಆಯ್ದುಕೊಳ್ಳಬೇಕು. ಪಟ್ಟಿಯಲ್ಲಿ ಆ ಆಯ್ಕೆ ಇಲ್ಲದಿದ್ದರೆ ‘ಇತರೆ’ ಎಂಬುದನ್ನು ಒತ್ತಿ ಒಂದೆರಡು ವಾಕ್ಯಗಳಲ್ಲಿ ಬರೆಯಿರಿ, ಅದನ್ನೇ ಇಮೇಲ್ ಮೂಲಕವೂ ಕಳುಹಿಸಿ.

ಇದಕ್ಕೆ ಪ್ರತಿಯಾಗಿ, ನಮ್ಮದೇ ಆಯ್ಕೆ ತಪ್ಪಾಗಿದ್ದಾಗ ಸಾಮಾನಿನಲ್ಲಿ ಇಲ್ಲದ ದೋಷವನ್ನು ಹೇಳುವುದು ಸರಿಯಲ್ಲ. ಪರೀಕ್ಷೆಯಲ್ಲಿ ಅದು ಬಯಲಾಗುತ್ತದೆ, ಆಮೇಲೆ ನಮ್ಮ ನ್ಯಾಯವಾದ ಮಾತಿಗೂ ಬೆಲೆ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಶುಲ್ಕದ ಷರತ್ತು ಕಾನೂನಿಗೆ ಹೊಂದುತ್ತದೆಯೇ ಎಂದು ನೋಡುವುದು

ಕಾರಣ ನಿಮ್ಮದೇ ಆಗಿದ್ದರೂ ಮಾರಾಟಗಾರ ಹೇಳಿದಷ್ಟನ್ನೂ ಕೊಡಲೇಬೇಕೆಂದಿಲ್ಲ. ಅದೇ 2020ರ ನಿಯಮಗಳಲ್ಲಿ 4ನೆಯ ನಿಯಮದ 8ನೆಯ ಉಪನಿಯಮ ಹೇಳುವುದಿಷ್ಟು: ಖರೀದಿ ದೃಢಪಟ್ಟ ನಂತರ ರದ್ದು ಮಾಡುವ ಗ್ರಾಹಕರ ಮೇಲೆ ಇ–ಕಾಮರ್ಸ್ ಸಂಸ್ಥೆ ರದ್ದತಿ ಶುಲ್ಕ ವಿಧಿಸಬೇಕಾದರೆ, ಸಂಸ್ಥೆಯೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂತಹುದೇ ಶುಲ್ಕವನ್ನು ತಾನೂ ಭರಿಸುತ್ತಿರಬೇಕು. ‘ದಾಸ್ತಾನು ಇಲ್ಲ’ ಎಂದು ಆರ್ಡರ್ ರದ್ದು ಮಾಡಿ ನಿಮ್ಮ ಹಣವನ್ನಷ್ಟೇ ಮರಳಿಸುವ ಸಂಸ್ಥೆ, ನೀವು ರದ್ದು ಮಾಡಿದಾಗ ಶೇಕಡಾ 15 ಕೇಳಲು ಈ ನಿಯಮ ಅವಕಾಶ ಕೊಡುವುದಿಲ್ಲ. ಆದ್ದರಿಂದ ಷರತ್ತುಗಳ ಪುಟದಲ್ಲಿ ‘ನಾವು ರದ್ದು ಮಾಡಿದರೆ ಗ್ರಾಹಕರಿಗೆ ಏನು ಕೊಡುತ್ತೇವೆ’ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಅದನ್ನೇ ಪತ್ರದಲ್ಲಿ ಕೇಳಿ.

ಈ ಉಪನಿಯಮಕ್ಕೆ ಮಿತಿಗಳೂ ಇವೆ. ಇದು ಹೇಳುವುದು ರದ್ದತಿ ಶುಲ್ಕದ ಬಗ್ಗೆ. ವಸ್ತುವನ್ನು ಪಡೆದು ವಾರದ ನಂತರ ಮರಳಿಸುವ ಸಂದರ್ಭಕ್ಕೆ ಇದನ್ನು ಹಾಗೆಯೇ ಅನ್ವಯಿಸುವುದು ಕಷ್ಟ. ಅಲ್ಲದೆ ಇದು ಸ್ವಂತ ಜಾಲತಾಣವನ್ನೋ ಮಾರುಕಟ್ಟೆ ವೇದಿಕೆಯನ್ನೋ ನಡೆಸುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಆ ವೇದಿಕೆಯ ಮೇಲೆ ಅಂಗಡಿ ತೆರೆದ ಬಿಡಿ ಮಾರಾಟಗಾರ ‘ಇ–ಕಾಮರ್ಸ್ ಸಂಸ್ಥೆ’ಯ ವ್ಯಾಖ್ಯೆಯಲ್ಲಿ ಸೇರುವುದಿಲ್ಲ. ನಿಮ್ಮ ಹಣ ಕಡಿತ ಮಾಡಿದವರು ವೇದಿಕೆಯವರೋ ಮಾರಾಟಗಾರರೋ ಎಂಬುದನ್ನು ಮರುಪಾವತಿಯ ವಿವರದಲ್ಲಿ ನೋಡಿಕೊಂಡೇ ವಾದ ಹೂಡಬೇಕು.

ಬಿಡಿ ಮಾರಾಟಗಾರನ ವಿಷಯದಲ್ಲಿ ಬೇರೆ ಆಧಾರಗಳಿವೆ. ಮರಳಿಸುವಿಕೆ, ಮರುಪಾವತಿ ಮತ್ತು ಮರುಸಾಗಣೆಯ ವೆಚ್ಚದ ವಿವರಗಳನ್ನು ಖರೀದಿಗೆ ಮೊದಲೇ ತಿಳಿಸುವುದು ಆತನ ಕರ್ತವ್ಯವೆಂದು 2020ರ ನಿಯಮಗಳು ಹೇಳುತ್ತವೆ. ನೀವು ತೆಗೆದಿಟ್ಟ ಸ್ಕ್ರೀನ್‌ಶಾಟ್‌ನಲ್ಲಿ ಶುಲ್ಕದ ಪ್ರಸ್ತಾಪವೇ ಇಲ್ಲದಿದ್ದರೆ ನಂತರ ಸೇರಿಸಿದ ಶುಲ್ಕಕ್ಕೆ ನಿಮ್ಮ ಒಪ್ಪಿಗೆ ಇರಲಿಲ್ಲ. ಶುಲ್ಕದ ಪ್ರಸ್ತಾಪವಿದ್ದು ಮೊತ್ತ ಅತಿಯಾಗಿದ್ದರೆ, ಕರಾರು ಕಾಯ್ದೆಯ 74ನೆಯ ಕಲಮು ನೆರವಿಗೆ ಬರುತ್ತದೆ: ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ದೊರೆಯುವುದು ಅದರೊಳಗಿನ ಸಮಂಜಸ ಪರಿಹಾರ. ನಷ್ಟವೇ ಆಗದಿದ್ದಲ್ಲಿ ಈ ಪರಿಹಾರವೂ ಇಲ್ಲವೆಂದು 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ವಿರುದ್ಧ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅದು ಜಮೀನಿನ ವ್ಯವಹಾರದ ಪ್ರಕರಣವಾದರೂ, ಅಲ್ಲಿ ವಿವರಿಸಿದ್ದು ಎಲ್ಲ ಕರಾರುಗಳಿಗೂ ಅನ್ವಯಿಸುವ ಕಲಮನ್ನು.

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯನ್ನೂ ನೆನಪಿಡಿ. ಬೆಲೆಯ ಭಾಗಗಳನ್ನು ಮೊದಲಿಗೆ ಮರೆಮಾಚಿ ನಂತರ ಒಂದೊಂದಾಗಿ ಹೊರತೆಗೆಯುವುದು ಅದು ಹೆಸರಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಒಂದು.

ಐದನೆಯ ಹೆಜ್ಜೆ: ಪತ್ರ ಬರೆಯುವುದು

ಗ್ರಾಹಕ ಸೇವೆಯ ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಉಳಿಯುವುದಿಲ್ಲ. ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ಇರಲೇಬೇಕು. ಅವರು ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕೆಂಬ ನಿಯಮವಿದೆ. ಪತ್ರವನ್ನು ಅವರಿಗೇ ಕಳುಹಿಸಿ. ಮಾರಾಟಗಾರರು ಹೊರರಾಜ್ಯದವರಾಗಿದ್ದರೆ ಇಂಗ್ಲಿಷಿನಲ್ಲಿ ಕಳುಹಿಸಬೇಕಾದೀತು, ಒಕ್ಕಣೆ ಮಾತ್ರ ಹೀಗಿರಲಿ:

‘ಆರ್ಡರ್ ಸಂಖ್ಯೆ … ಅಡಿಯಲ್ಲಿ ದಿನಾಂಕ … ರಂದು ₹ … ಪಾವತಿಸಿ ನಾನು ಎಡಬದಿಯ ಹೆಡ್‌ಲೈಟ್ ಕೊಂಡಿದ್ದೇನೆ. ನಿಮ್ಮ ಪುಟದಲ್ಲಿ ನಮೂದಿಸಿದ ಭಾಗಸಂಖ್ಯೆ …. ನನಗೆ ಬಂದ ವಸ್ತುವಿನ ಭಾಗಸಂಖ್ಯೆ …. ವಸ್ತು ವಿವರಣೆಗೆ ಹೊಂದದ ಕಾರಣ ಅದನ್ನು ಗಾಡಿಗೆ ಅಳವಡಿಸದೆ ಮೂಲ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಇದನ್ನು ನಿಮ್ಮ ವೆಚ್ಚದಲ್ಲಿ ಮರಳಿ ಪಡೆದು, ಯಾವುದೇ ಶುಲ್ಕ ಕಡಿತಗೊಳಿಸದೆ ಪೂರ್ಣ ಮೊತ್ತವನ್ನು ನಾನು ಪಾವತಿಸಿದ ಖಾತೆಗೇ ಮರಳಿಸಬೇಕೆಂದು ಕೋರುತ್ತೇನೆ. ಕಡಿತ ಮಾಡುವುದಾದರೆ ಅದರ ಆಧಾರ ಮತ್ತು ಲೆಕ್ಕವನ್ನು ಬರಹದಲ್ಲಿ ತಿಳಿಸಿ.’

ರದ್ದತಿ ನಿಮ್ಮ ಕಾರಣಕ್ಕೇ ಆಗಿದ್ದರೆ ಮಧ್ಯದ ವಾಕ್ಯಗಳನ್ನು ಬದಲಾಯಿಸಿ, ಸ್ಕ್ರೀನ್‌ಶಾಟ್‌ನ ಸಮಯ, ರವಾನೆಯಾಗದ ಸ್ಥಿತಿ ಮತ್ತು 4ನೆಯ ನಿಯಮದ 8ನೆಯ ಉಪನಿಯಮವನ್ನು ಉಲ್ಲೇಖಿಸಿ. ಕೊನೆಯ ವಾಕ್ಯವನ್ನು ಮಾತ್ರ ಯಾವ ಸಂದರ್ಭದಲ್ಲೂ ಬಿಡಬೇಡಿ. ಬರಹದಲ್ಲಿ ಲೆಕ್ಕ ಕೇಳಿದಾಗ ಆಧಾರವಿಲ್ಲದ ಕಡಿತವನ್ನು ಸಮರ್ಥಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಆರನೆಯ ಹೆಜ್ಜೆ: ಸಾಮಾನನ್ನು ಮರಳಿ ಕಳುಹಿಸುವುದು

ಪೆಟ್ಟಿಗೆಯನ್ನು ತೆರೆಯುವಾಗಲೂ ಮತ್ತೆ ಮುಚ್ಚುವಾಗಲೂ ನಡುವೆ ಎಲ್ಲೂ ನಿಲ್ಲಿಸದ ವಿಡಿಯೊ ಮಾಡಿ. ಕೊರಿಯರ್ ಲೇಬಲ್, ಭಾಗಸಂಖ್ಯೆ, ಹೊಲೊಗ್ರಾಮ್ ಮತ್ತು ಗರಿಷ್ಠ ಮಾರಾಟ ಬೆಲೆಯ ಚೀಟಿ ಅದರಲ್ಲಿ ಓದುವಂತೆ ಕಾಣಬೇಕು. ಕಂಪನಿಯ ಒಳಪೆಟ್ಟಿಗೆಯ ಮೇಲೆ ನೇರವಾಗಿ ಟೇಪ್ ಅಂಟಿಸಿ ವಿಳಾಸ ಬರೆದರೆ, ಆ ಪೆಟ್ಟಿಗೆ ಮರುಮಾರಾಟಕ್ಕೆ ಬರುವುದಿಲ್ಲವೆಂದು ಕಡಿತ ಮಾಡುತ್ತಾರೆ. ಹೊರಗೆ ಇನ್ನೊಂದು ರಟ್ಟಿನ ಪೆಟ್ಟಿಗೆ ಹಾಕಿ.

ದೊಡ್ಡ ಸಾಮಾನುಗಳಲ್ಲಿ ಶುಲ್ಕಕ್ಕಿಂತ ಸಾಗಣೆಯೇ ಹೆಚ್ಚು ಹಣ ತಿನ್ನುತ್ತದೆ. ಕೊರಿಯರ್ ಸಂಸ್ಥೆಗಳು ತೂಕದ ಜೊತೆಗೆ ಗಾತ್ರವನ್ನೂ ಲೆಕ್ಕ ಹಾಕುತ್ತವೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 150 ಸೆಂ.ಮೀ. ಉದ್ದ, 40 ಅಗಲ, 30 ಎತ್ತರದ ಬಂಪರ್ ಪೆಟ್ಟಿಗೆ ಈ ಲೆಕ್ಕದಲ್ಲಿ 36 ಕಿಲೊ ಆಗುತ್ತದೆ, ಒಳಗಿನ ಪ್ಲಾಸ್ಟಿಕ್ ಬಂಪರಿನ ನಿಜವಾದ ತೂಕ ಅದರ ಒಂದು ಸಣ್ಣ ಭಾಗವಾಗಿದ್ದರೂ ಸಹ. ರೋಣ, ಶಿರಹಟ್ಟಿ, ಹಾನಗಲ್ಲಿನಂತಹ ತಾಲ್ಲೂಕುಗಳ ಹಳ್ಳಿಗಳಲ್ಲಿ ಇರುವವರು ತಮ್ಮ ಪಿನ್‌ಕೋಡಿಗೆ ರಿವರ್ಸ್ ಪಿಕಪ್ ಇದೆಯೇ ಎಂದು ಆರ್ಡರ್ ಮಾಡುವ ಮೊದಲೇ ನೋಡಬೇಕು. ಇಲ್ಲದಿದ್ದರೆ ‘ನೀವೇ ಕಳುಹಿಸಿ’ ಎಂಬ ಉತ್ತರ ಬರುತ್ತದೆ. ಆಗ ಸಣ್ಣ ಪೆಟ್ಟಿಗೆಗೆ ಅಂಚೆಯ ಸ್ಪೀಡ್ ಪೋಸ್ಟ್, ದೊಡ್ಡದಕ್ಕೆ ಟ್ರಾನ್ಸ್‌ಪೋರ್ಟ್ ಪಾರ್ಸೆಲ್ ಒಳ್ಳೆಯದು. ವಿಆರ್‌ಎಲ್‌ನಂತಹ ಸರಕು ಸಾಗಣೆ ಸಂಸ್ಥೆಯ ನೆಲೆಯೇ ಹುಬ್ಬಳ್ಳಿಯಾದ್ದರಿಂದ ಈ ಭಾಗದವರಿಗೆ ಅದು ಕಷ್ಟವಲ್ಲ. ಯಾವುದರಲ್ಲಿ ಕಳುಹಿಸಿದರೂ ರಸೀದಿ ಅಥವಾ ಎಲ್‌ಆರ್ (ಲಾರಿ ರಸೀದಿ) ಪ್ರತಿಯನ್ನು ಅದೇ ದಿನ ಮಾರಾಟಗಾರನಿಗೆ ಇಮೇಲ್ ಮಾಡಿ, ಮಾರಾಟಗಾರನ ತಪ್ಪಿದ್ದರೆ ಆ ಖರ್ಚನ್ನೂ ಕೇಳಿ.

ವಿದೇಶಿ ಜಾಲತಾಣದಿಂದ ತರಿಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಅಮೆರಿಕದ ಪಟ್ಟಿಗಳಲ್ಲಿ ‘ಡ್ರೈವರ್ ಸೈಡ್’ ಎಂದರೆ ಎಡಬದಿ, ನಮ್ಮಲ್ಲಿ ಬಲಬದಿ. ಈ ತಪ್ಪು ನಮ್ಮದೆಂದೇ ಪರಿಗಣಿತವಾಗಿ ಶುಲ್ಕ, ಸಾಗಣೆ ಎರಡೂ ಕಡಿತವಾಗುತ್ತವೆ. ಕಟ್ಟಿದ ಆಮದು ಸುಂಕವನ್ನು ಮರಳಿ ಪಡೆಯಲು ಕಸ್ಟಮ್ಸ್ ಕಾಯ್ದೆಯಲ್ಲಿ ಅವಕಾಶವಿದ್ದರೂ, ಒಂದು ಸಣ್ಣ ಸಾಮಾನಿಗಾಗಿ ಆ ಕಾಗದಪತ್ರಗಳ ಕೆಲಸ ಕೈಗೆಟಕುವಂಥದಲ್ಲ.

ಏಳನೆಯ ಹೆಜ್ಜೆ: ಕಡಿತದ ಲೆಕ್ಕ ಪರಿಶೀಲಿಸುವುದು

ಶೇಕಡಾವಾರು ಶುಲ್ಕವನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದ್ದಾರೆ ಎಂದು ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಜಿಎಸ್‌ಟಿ ಶೇಕಡಾ 18. ಹಾಗಾಗಿ ₹8,000 ಬಿಲ್ಲಿನಲ್ಲಿ ಸಾಮಾನಿನ ಬೆಲೆ ಸುಮಾರು ₹6,780, ತೆರಿಗೆ ₹1,220. ಶೇಕಡಾ 15ರ ಶುಲ್ಕ ಸಾಮಾನಿನ ಬೆಲೆಯ ಮೇಲಾದರೆ ₹1,017, ಪೂರ್ಣ ಮೊತ್ತದ ಮೇಲಾದರೆ ₹1,200. ಷರತ್ತಿನಲ್ಲಿ ‘ವಸ್ತುವಿನ ಬೆಲೆಯ ಮೇಲೆ’ ಎಂದಿದ್ದರೆ ತೆರಿಗೆಯ ಮೇಲೆ ಶುಲ್ಕ ಹಾಕುವಂತಿಲ್ಲ. ಸರಕು ಮರಳಿ ಬಂದಾಗ ಮಾರಾಟಗಾರ ಜಿಎಸ್‌ಟಿ ಕಾಯ್ದೆಯ 34ನೆಯ ಕಲಮಿನಡಿ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತವನ್ನು ಇಳಿಸುವ ದಾಖಲೆ) ಹೊರಡಿಸಿ ತನ್ನ ತೆರಿಗೆ ಹೊಣೆಯನ್ನು ಕಡಿಮೆ ಮಾಡಿಕೊಳ್ಳಬಹುದು. ಆ ಕ್ರೆಡಿಟ್ ನೋಟಿನ ಪ್ರತಿಯನ್ನು ಕೇಳಿ; ಅದರಲ್ಲಿರುವ ಮೊತ್ತಕ್ಕೂ ನಿಮಗೆ ಮರಳಿದ ಮೊತ್ತಕ್ಕೂ ಇರುವ ಅಂತರವೇ ನಿಜವಾಗಿ ಕಡಿತವಾದದ್ದು.

ಹಣವನ್ನು ಆ್ಯಪ್‌ನ ವ್ಯಾಲೆಟ್ಟಿಗೆ ಹಾಕುತ್ತೇವೆ, ಶುಲ್ಕ ಇರುವುದಿಲ್ಲ ಎಂಬ ಕೊಡುಗೆ ಬಂದರೆ, ಮುಂದೆ ಅಲ್ಲಿಯೇ ಕೊಳ್ಳುವುದು ಖಚಿತವಿದ್ದರೆ ಮಾತ್ರ ಒಪ್ಪಿ. ಮರುಪಾವತಿ ಮಾಡಿದ್ದೇವೆ ಎಂದು ಹೇಳಿಯೂ ಹಣ ಬರದಿದ್ದರೆ, ಕಾರ್ಡ್ ಪಾವತಿಗೆ ಎಆರ್‌ಎನ್, ಯುಪಿಐಗೆ ಯುಟಿಆರ್ ಎಂಬ ವಹಿವಾಟಿನ ಗುರುತು ಸಂಖ್ಯೆಯನ್ನು ಪಡೆದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಇಎಂಐ ಮೇಲೆ ಕೊಂಡಿದ್ದರೆ ಆರ್ಡರ್ ರದ್ದಾದದ್ದರಿಂದ ಸಾಲ ತಾನಾಗಿ ರದ್ದಾಗಿದೆಯೇ ಎಂದು ಬ್ಯಾಂಕಿನಿಂದ ದೃಢಪಡಿಸಿಕೊಳ್ಳಿ.

ಎಂಟನೆಯ ಹೆಜ್ಜೆ: ದೂರು

ಕುಂದುಕೊರತೆ ಅಧಿಕಾರಿಯ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಅಥವಾ ತಿಂಗಳು ಕಳೆದರೂ ಬರದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ದೂರು ದಾಖಲಿಸಬಹುದು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಆದರೆ ದೂರನ್ನು ಸಂಸ್ಥೆಗೆ ಕಳುಹಿಸಿ ಉತ್ತರ ಪಡೆಯುತ್ತದೆ.

ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಬಿಲ್ಲಿನ ಅಡಿಯಲ್ಲಿ ‘ದೆಹಲಿ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ’ ಎಂದು ಮುದ್ರಿಸಿರುವುದನ್ನು ನೋಡಿ ಹಿಂಜರಿಯಬೇಡಿ. 2019ರ ಕಾಯ್ದೆಯ 34ನೆಯ ಕಲಮು ದೂರುದಾರರು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಹುಬ್ಬಳ್ಳಿಯವರು ಧಾರವಾಡದಲ್ಲಿ, ಗದಗ ಮತ್ತು ಹಾವೇರಿಯವರು ತಮ್ಮ ತಮ್ಮ ಜಿಲ್ಲಾ ಆಯೋಗಗಳಲ್ಲಿ ಸಲ್ಲಿಸಬಹುದು. ಪಾವತಿಸಿದ ಬೆಲೆ ಐದು ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ, ಘಟನೆ ನಡೆದ ಎರಡು ವರ್ಷಗಳೊಳಗೆ ಸಲ್ಲಿಸಿದರಾಯಿತು. 2025ರ ಜನವರಿ 1ರಂದು ಆರಂಭವಾದ ಇ–ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ಷರತ್ತೇ ಅನ್ಯಾಯದ ಕರಾರು ಎಂದು ಘೋಷಿಸಬೇಕೆಂದು ಕೇಳುವ ದೂರು ಮಾತ್ರ ರಾಜ್ಯ ಆಯೋಗಕ್ಕೆ ಸೇರುತ್ತದೆ. ಒಂದೆರಡು ಸಾವಿರದ ಕಡಿತಕ್ಕೆ ಆ ದಾರಿ ಬೇಡ. ಜಿಲ್ಲಾ ಆಯೋಗದಲ್ಲಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಯ ಆಧಾರದ ಮೇಲೆ ಕಡಿತವಾದ ಹಣ, ಸಾಗಣೆಯ ಖರ್ಚು ಮತ್ತು ದೂರಿನ ವೆಚ್ಚವನ್ನು ಕೇಳಿದರೆ ಸಾಕು. ವೇದಿಕೆಯನ್ನೂ ಮಾರಾಟಗಾರನನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುತ್ತಾರೆ.

ನೋಟಿಸ್ ತಲುಪಿದ ಮೇಲೆ ಸಂಸ್ಥೆಯವರು ಫೋನ್ ಮಾಡಿ ರಾಜಿಗೆ ಕರೆಯುವುದುಂಟು. ಕಡಿತವಾದ ಹಣ ಪೂರ್ತಿ ಬರುವುದಾದರೆ ಒಪ್ಪುವುದರಲ್ಲಿ ತಪ್ಪಿಲ್ಲ. ಆದರೆ ಹಣ ಖಾತೆಗೆ ಜಮಾ ಆದ ನಂತರವೇ ದೂರನ್ನು ಹಿಂಪಡೆಯಬೇಕು. ‘ಮೊದಲು ಹಿಂಪಡೆಯಿರಿ, ಮೂರು ದಿನದಲ್ಲಿ ಹಾಕುತ್ತೇವೆ’ ಎಂದು ಹೇಳಿದರೆ ಆ ಮಾತನ್ನು ಇಮೇಲ್‌ನಲ್ಲಿ ಬರೆದು ಕಳುಹಿಸಲು ಕೇಳಿ, ಅದನ್ನು ಆಯೋಗದ ಮುಂದೆ ಇಡಿ.